ನಾಡಿ ಹಿಡಿಯದ ಚಿಕಿತ್ಸೆ: ಹೊಣೆ ಯಾರ ಹೆಗಲಿಗೆ?

2018ರ ಜುಲೈ 25ರಂದು ಬಾಂಬೆ ಹೈಕೋರ್ಟ್ ನೀಡಿದ ಒಂದು ಆದೇಶ ದೇಶದ ವೈದ್ಯ ಸಮುದಾಯವನ್ನು ಬೆಚ್ಚಿಬೀಳಿಸಿತು. ರತ್ನಾಗಿರಿಯಲ್ಲಿ ಸಿಸೇರಿಯನ್ ಹೆರಿಗೆಯಾಗಿ ಮನೆಗೆ ಮರಳಿದ್ದ ಬಾಣಂತಿಯೊಬ್ಬರಿಗೆ ಮತ್ತೆ ಆರೋಗ್ಯ ಕೆಟ್ಟಿತು. ಹೆರಿಗೆ ಮಾಡಿಸಿದ್ದ ವೈದ್ಯ ದಂಪತಿ ಆಗ ಊರಿನಲ್ಲಿರಲಿಲ್ಲ. ಆಕೆಯನ್ನು ದಾಖಲು ಮಾಡಿಕೊಳ್ಳಿ ಎಂಬ ಸೂಚನೆ ದೂರವಾಣಿಯಲ್ಲೇ ಬಂತು. ಔಷಧವನ್ನೂ ದೂರವಾಣಿಯಲ್ಲೇ ಹೇಳಲಾಯಿತು, ಸಿಬ್ಬಂದಿ ಕೊಟ್ಟರು. ಸ್ಥಿತಿ ಬಿಗಡಾಯಿಸಿದಾಗ ಬೇರೆ ಆಸ್ಪತ್ರೆಗೆ ಸಾಗಿಸಿದರೂ ಆಕೆ ಉಳಿಯಲಿಲ್ಲ. ದಂಪತಿ ಕೋರಿದ ನಿರೀಕ್ಷಣಾ ಜಾಮೀನನ್ನು ನ್ಯಾಯಾಲಯ ನಿರಾಕರಿಸಿತು. ರೋಗ ಯಾವುದೆಂದು ನಿರ್ಧರಿಸದೆ ಔಷಧ ಹೇಳುವುದು ಶಿಕ್ಷಾರ್ಹ ನಿರ್ಲಕ್ಷ್ಯವಾಗುತ್ತದೆ ಎಂಬರ್ಥದ ಮಾತು ಆ ಆದೇಶದಲ್ಲಿತ್ತು. ಅದು ಜಾಮೀನಿನ ಮೇಲಿನ ಆದೇಶವೇ ಹೊರತು ಅಪರಾಧ ಸಾಬೀತಾಯಿತೆಂಬ ತೀರ್ಪಲ್ಲ. ಆದರೂ ‘ಇನ್ನು ಫೋನಿನಲ್ಲಿ ಒಂದು ಮಾತ್ರೆಯ ಹೆಸರು ಹೇಳಿದರೂ ಜೈಲೇ?’ ಎಂಬ ಅಂಜಿಕೆ ವೈದ್ಯರಲ್ಲಿ ಹುಟ್ಟಿತು.

ಸರಿಯಾಗಿ 20 ತಿಂಗಳ ಬಳಿಕ, 2020ರ ಮಾರ್ಚ್ 25ರಂದು, ಚಿತ್ರ ಪೂರ್ತಿ ಬದಲಾದಂತೆ ಕಂಡಿತು. ಅದು ಕೋವಿಡ್ ಲಾಕ್‌ಡೌನಿನ ಮೊದಲ ದಿನ. ಅಂದೇ ಕೇಂದ್ರ ಆರೋಗ್ಯ ಸಚಿವಾಲಯ ‘ಟೆಲಿಮೆಡಿಸಿನ್ ಅಭ್ಯಾಸದ ಮಾರ್ಗಸೂಚಿ’ಯನ್ನು ಹೊರಡಿಸಿತು. ನೋಂದಾಯಿತ ವೈದ್ಯರು ದೂರವಾಣಿ, ವಿಡಿಯೊ ಅಥವಾ ಬರಹದ ಸಂದೇಶದ ಮೂಲಕ ರೋಗಿಗೆ ಸಲಹೆ ಕೊಡಬಹುದು, ಔಷಧವನ್ನೂ ಬರೆಯಬಹುದು ಎಂದು ಅದು ಸ್ಪಷ್ಟಪಡಿಸಿತು.

ನಿನ್ನೆಯ ಅಪರಾಧ ಇಂದಿನ ಕರ್ತವ್ಯವಾಯಿತೇ? ಮೇಲುನೋಟಕ್ಕೆ ಹಾಗೆ ಕಾಣುತ್ತದೆ. ಆದರೆ ದೂರದಿಂದ ಮಾಡುವ ಚಿಕಿತ್ಸೆಯ ಸುಮಾರು ಒಂದೂವರೆ ಶತಮಾನದ ಕಥೆಯನ್ನು ಗಮನಿಸಿದರೆ ಇವೆರಡರಲ್ಲಿ ವಿರೋಧ ಇಲ್ಲವೆಂಬುದು ತಿಳಿಯುತ್ತದೆ. ವೈದ್ಯರ ಮಾತನ್ನು ರೋಗಿ ನಂಬಿ ನಡೆದ ಕ್ಷಣದಿಂದ ಹೊಣೆ ಹುಟ್ಟುತ್ತದೆ. ಅಂತರ ಹೆಚ್ಚಿದಷ್ಟೂ ಆ ಹೊಣೆ ಕಡಿಮೆಯಾಗುವುದಿಲ್ಲ, ಅದನ್ನು ನಿಭಾಯಿಸುವ ಬಗೆ ಮಾತ್ರ ಬದಲಾಗುತ್ತದೆ.

ತಂತಿಯಲ್ಲಿ ಬಂದ ಕೆಮ್ಮು

ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಮೂರೇ ವರ್ಷಗಳಲ್ಲಿ, 1879ರಲ್ಲಿ, ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ ಒಂದು ಸ್ವಾರಸ್ಯಕರ ಪ್ರಸಂಗವನ್ನು ಪ್ರಕಟಿಸಿತು. ಮಗುವಿನ ಕೆಮ್ಮಿನಿಂದ ಗಾಬರಿಗೊಂಡ ಮನೆಯವರು ರಾತ್ರಿ ವೈದ್ಯರಿಗೆ ಕರೆ ಮಾಡುತ್ತಾರೆ. ಮಗುವನ್ನು ದೂರವಾಣಿಯ ಬಳಿ ಹಿಡಿಯಲು ಹೇಳಿದ ವೈದ್ಯರು ಕೆಮ್ಮಿನ ಸದ್ದು ಕೇಳಿ, ಇದು ಗಂಟಲು ಕಟ್ಟುವ ಅಪಾಯದ ಕೆಮ್ಮಲ್ಲ ಎಂದು ತೀರ್ಮಾನಿಸುತ್ತಾರೆ, ಮನೆಯಿಂದ ಹೊರಡುವುದೇ ಇಲ್ಲ. ಅಂದು ಅವರ ಎಣಿಕೆ ಸರಿಯಾಗಿತ್ತು. ತಪ್ಪಾಗಿದ್ದರೆ? ದೂರಚಿಕಿತ್ಸೆಯ ಮುಂದಿನ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆ.

1905ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಥೋವನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೃದಯದ ವಿದ್ಯುತ್ ಮಿಡಿತವನ್ನು ಬರೆದುಕೊಳ್ಳುವ ಅವರ ಯಂತ್ರ ಬಲು ಭಾರದ್ದು, ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ರೋಗಿಗಳನ್ನು ಪ್ರಯೋಗಾಲಯಕ್ಕೆ ತರುವುದೂ ಕಷ್ಟ. ಹಾಗಾಗಿ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಮಿಡಿತವನ್ನೇ ದೂರವಾಣಿ ತಂತಿಯಲ್ಲಿ ತರಿಸಿಕೊಂಡರು. ಇಸಿಜಿಯ ಜನಕರೆನಿಸಿದ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆಮೇಲೆ ರೇಡಿಯೊ ಬಂತು. ನಡುಗಡಲಿನ ಹಡಗುಗಳಲ್ಲಿ ಕಾಯಿಲೆ ಬಿದ್ದ ನಾವಿಕರಿಗೆ ದಡದ ವೈದ್ಯರು ರೇಡಿಯೊ ಮೂಲಕ ಸಲಹೆ ಕೊಡತೊಡಗಿದರು. ಇದಕ್ಕೆಂದೇ 1935ರಲ್ಲಿ ರೋಮ್‌ನಲ್ಲಿ ಅಂತಾರಾಷ್ಟ್ರೀಯ ರೇಡಿಯೊ ವೈದ್ಯಕೀಯ ಕೇಂದ್ರ ಆರಂಭವಾಯಿತು. ಆಸ್ಟ್ರೇಲಿಯದ ಒಳನಾಡಿನಲ್ಲಿ ಪಾದ್ರಿ ಜಾನ್ ಫ್ಲಿನ್ 1928ರಲ್ಲಿ ವಿಮಾನ ವೈದ್ಯ ಸೇವೆಯನ್ನು ತೊಡಗಿದರು. ಮರುವರ್ಷ ಆಲ್ಫ್ರೆಡ್ ಟ್ರೇಗರ್ ಅವರ ಕಾಲಿನಿಂದ ತುಳಿಯುವ ರೇಡಿಯೊ ಒಂಟಿ ಮನೆಗಳನ್ನು ತಲುಪತೊಡಗಿತು. 1942ರಿಂದ ಅಂಥ ಮನೆಗಳಿಗೆ ಔಷಧ ಪೆಟ್ಟಿಗೆಗಳನ್ನು ಕೊಡಲಾಯಿತು. ಪ್ರತಿ ಔಷಧಕ್ಕೂ ಒಂದು ಸಂಖ್ಯೆ. ಹೆಸರು ಓದುವಾಗ ಎಡವಟ್ಟಾಗಬಾರದೆಂದು ವೈದ್ಯರು ರೇಡಿಯೊದಲ್ಲಿ ಸಂಖ್ಯೆಯನ್ನಷ್ಟೇ ಹೇಳುತ್ತಿದ್ದರು.

ಈ ಸಂಖ್ಯೆಯ ಉಪಾಯದಲ್ಲಿ ಒಂದು ಪಾಠವಿದೆ. ದೂರಚಿಕಿತ್ಸೆಯಲ್ಲಿ ನೋಡುವ ಕಣ್ಣು ಒಬ್ಬರದು, ತಿಳಿದ ತಲೆ ಇನ್ನೊಬ್ಬರದು, ಔಷಧ ಕೊಡುವ ಕೈ ಮತ್ತೊಬ್ಬರದು. ಹಡಗಿನಲ್ಲಿ ಆ ಕೈ ಕಪ್ತಾನನದು, ಆಸ್ಟ್ರೇಲಿಯದಲ್ಲಿ ಮನೆಯೊಡತಿಯದು. ಇವರ ನಡುವೆ ಮಾತು ತಪ್ಪಿದರೆ ಜೀವಕ್ಕೇ ಅಪಾಯ. ಆದ್ದರಿಂದ ಮಾತು ತಪ್ಪದಂತೆ ವ್ಯವಸ್ಥೆ ಮಾಡುವುದೂ ವೈದ್ಯಧರ್ಮದ ಭಾಗವಾಯಿತು. ನಡುಗಡಲಿನಲ್ಲಾಗಲಿ ಮರುಭೂಮಿಯಲ್ಲಾಗಲಿ ಬೇರೆ ದಾರಿಯೇ ಇರಲಿಲ್ಲ. ವೈದ್ಯರೇ ಇಲ್ಲದ ಕಡೆ ವೈದ್ಯರ ದನಿಯಾದರೂ ಸಿಕ್ಕಿತಲ್ಲ ಎಂಬ ಸಮಾಧಾನವಿತ್ತು. ಬೇರೆ ದಾರಿ ಇದ್ದೂ ದೂರವಾಣಿಯನ್ನು ಹಿಡಿದಾಗಲೇ ಹೊಣೆಯ ಪ್ರಶ್ನೆ ಮೊನಚಾಗುವುದು.

ಒಂದು ಕರೆ, ಒಂದು ಸಂಬಂಧ

ವೈದ್ಯರ ಮೇಲೆ ನಿರ್ಲಕ್ಷ್ಯದ ಆರೋಪ ಹೊರಿಸಬೇಕಾದರೆ ಮೊದಲು ಅವರಿಗೂ ರೋಗಿಗೂ ‘ವೈದ್ಯ–ರೋಗಿ ಸಂಬಂಧ’ ಇತ್ತೆಂದು ತೋರಿಸಬೇಕು. ಎದುರು ಕುಳಿತು ನಾಡಿ ಹಿಡಿದಿದ್ದರೆ ಅದರಲ್ಲಿ ಸಂಶಯವಿಲ್ಲ. ಮುಖವನ್ನೇ ನೋಡದೆ ಫೋನಿನಲ್ಲಿ ಎರಡು ಮಾತಾಡಿದ್ದರೆ? 1990ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮೇಲ್ಮನವಿ ನ್ಯಾಯಾಲಯವೊಂದು ಈ ಪ್ರಶ್ನೆಗೆ ಉತ್ತರಿಸಿತು. ಕರೆ ಮಾಡಿದವರಿಗೆ ವೈದ್ಯರು ಇಂಥದ್ದು ಮಾಡಿ ಎಂದು ಸಲಹೆ ಕೊಟ್ಟಿದ್ದು, ಅವರು ಅದನ್ನು ನಂಬಿ ನಡೆಯುತ್ತಾರೆಂದು ಊಹಿಸುವಂತಿದ್ದರೆ, ಆ ಒಂದು ಕರೆಯಿಂದಲೇ ಸಂಬಂಧ ಏರ್ಪಡಬಹುದು ಎಂದಿತು.

ಭಾರತದ ಸುಪ್ರೀಂ ಕೋರ್ಟ್ 1968ರಲ್ಲೇ, ಲಕ್ಷ್ಮಣ ಬಾಲಕೃಷ್ಣ ಜೋಶಿ ಪ್ರಕರಣದಲ್ಲಿ, ವೈದ್ಯರ ಮೂರು ಕರ್ತವ್ಯಗಳನ್ನು ಗುರುತಿಸಿತ್ತು. ಈ ರೋಗಿಯನ್ನು ಕೈಗೆತ್ತಿಕೊಳ್ಳಬೇಕೇ ಎಂದು ನಿರ್ಧರಿಸುವಲ್ಲಿ ಎಚ್ಚರ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಲ್ಲಿ ಎಚ್ಚರ, ಆ ಚಿಕಿತ್ಸೆಯನ್ನು ಕೊಡುವಲ್ಲಿ ಎಚ್ಚರ. ದೂರಚಿಕಿತ್ಸೆಯ ಮಾತು ಯಾರೂ ಎತ್ತದಿದ್ದ ಕಾಲದ ತೀರ್ಪು ಇದು. ಆದರೂ ಫೋನು ಎತ್ತಿದ ವೈದ್ಯರ ಮುಂದೆ ಮೊದಲು ನಿಲ್ಲುವುದು ಇದರ ಮೊದಲ ಪ್ರಶ್ನೆಯೇ. ಇದನ್ನು ಫೋನಿನಲ್ಲಿ ನೋಡಬಹುದೇ, ಅಥವಾ ರೋಗಿಯನ್ನು ಆಸ್ಪತ್ರೆಗೆ ಕರೆಸಬೇಕೇ?

ಗಡಿ ದಾಟಿದ ಮಾತ್ರೆ

ಎರಡನೆಯ ತೊಡಕು ಗಡಿಯದು. ವೈದ್ಯರಿಗೆ ಪರವಾನಗಿ ಕೊಡುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1889ರಲ್ಲಿ ಎತ್ತಿಹಿಡಿದಿತ್ತು. ಅಲ್ಲಿಂದಾಚೆ ಅಲ್ಲಿ ಪ್ರತಿ ರಾಜ್ಯದ ಗಡಿಯೂ ವೈದ್ಯವೃತ್ತಿಯ ಗಡಿ. ಅಂತರ್ಜಾಲಕ್ಕೆ ಈ ಗಡಿ ಕಾಣಿಸಲಿಲ್ಲ.

2005ರಲ್ಲಿ ಕ್ಯಾಲಿಫೋರ್ನಿಯದ ವಿದ್ಯಾರ್ಥಿಯೊಬ್ಬ ಜಾಲತಾಣವೊಂದರಲ್ಲಿ ಪ್ರಶ್ನಾವಳಿ ತುಂಬಿ ಖಿನ್ನತೆಯ ಮಾತ್ರೆಗಳನ್ನು ತರಿಸಿಕೊಂಡ. ಜಾಲತಾಣ ಇದ್ದದ್ದು ಅಮೆರಿಕದ ಹೊರಗೆ. ಅದನ್ನು ನಡೆಸುತ್ತಿದ್ದ ಕಂಪನಿ ಫ್ಲೋರಿಡದ್ದು, ಔಷಧ ಕಳುಹಿಸಿದ ಅಂಗಡಿ ಮಿಸಿಸಿಪ್ಪಿಯದು, ಒಪ್ಪಿಗೆ ಕೊಟ್ಟ ವೈದ್ಯ ಕೊಲೊರಾಡೊದವರು. ಅವರು ಹುಡುಗನೊಡನೆ ಒಂದು ಮಾತೂ ಆಡಿರಲಿಲ್ಲ. ಕೆಲ ವಾರಗಳಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ವೈದ್ಯರ ಮೇಲೆ ಬಂದದ್ದು ಸಾವಿಗೆ ಕಾರಣರಾದರೆಂಬ ಆರೋಪವಲ್ಲ, ಕ್ಯಾಲಿಫೋರ್ನಿಯದ ಪರವಾನಗಿ ಇಲ್ಲದೆ ಅಲ್ಲಿ ವೈದ್ಯವೃತ್ತಿ ನಡೆಸಿದರೆಂಬ ಆರೋಪ. ತಾನು ಆ ರಾಜ್ಯಕ್ಕೆ ಕಾಲಿಟ್ಟೇ ಇಲ್ಲ ಎಂಬ ಅವರ ವಾದವನ್ನು 2007ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. 2009ರಲ್ಲಿ ಅವರಿಗೆ ಜೈಲು ಶಿಕ್ಷೆಯಾಯಿತು. ವೈದ್ಯರು ಎಲ್ಲಿ ಕುಳಿತಿದ್ದಾರೆ ಎಂಬುದಕ್ಕಿಂತ ರೋಗಿ ಎಲ್ಲಿದ್ದಾನೆ ಎಂಬುದು ಮುಖ್ಯ ಎಂಬ ಸೂತ್ರ ಇದರಿಂದ ಗಟ್ಟಿಯಾಯಿತು.

ಈ ಹೊತ್ತಿಗೆ ನೀತಿಸಂಹಿತೆಗಳೂ ಹುಟ್ಟಿಕೊಳ್ಳುತ್ತಿದ್ದವು. ಕ್ಯಾಲಿಫೋರ್ನಿಯ 1996ರ ಕಾಯ್ದೆಯಲ್ಲಿ ದೂರಚಿಕಿತ್ಸೆಗೆ ಮುಂಚೆ ರೋಗಿಯ ಸಮ್ಮತಿ ಪಡೆಯಬೇಕೆಂದಿತು. ಮಲೇಷ್ಯ 1997ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ರಚಿಸಿತು. ವಿಶ್ವ ವೈದ್ಯಕೀಯ ಸಂಘ 1999ರಲ್ಲಿ ಟೆಲ್ ಅವೀವ್‌ನಲ್ಲಿ ದೂರಚಿಕಿತ್ಸೆಯ ಹೊಣೆ ಮತ್ತು ನೀತಿಯ ಕುರಿತು ಹೇಳಿಕೆ ಅಂಗೀಕರಿಸಿತು, ಮುಂದೆ 2007 ಮತ್ತು 2018ರಲ್ಲಿ ಆ ವಿಷಯವನ್ನು ಮತ್ತೆ ಪರಿಶೀಲಿಸಿತು. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ಕುಳಿತ ಶಸ್ತ್ರವೈದ್ಯರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ 68 ವರ್ಷದ ಮಹಿಳೆಯ ಪಿತ್ತಕೋಶವನ್ನು ಯಂತ್ರದ ತೋಳುಗಳಿಂದ ತೆಗೆದಾಗ ಹೊಣೆಯ ಪ್ರಶ್ನೆಗೆ ಇನ್ನೊಂದು ಎಳೆ ಸೇರಿತು. ನಡುವೆ ಸಂಪರ್ಕ ಕಡಿದುಹೋದರೆ ಯಾರನ್ನು ಕೇಳುವುದು?

ಚಾಮರಾಜನಗರದಿಂದ ಕಿಸೆಯ ಫೋನಿನವರೆಗೆ

ನಮ್ಮಲ್ಲಿ ದೂರಚಿಕಿತ್ಸೆ ಹಳ್ಳಿಯ ಹೆಸರಿನಲ್ಲೇ ಬಂತು. 2000ದಲ್ಲಿ ಆಂಧ್ರಪ್ರದೇಶದ ಅರಗೊಂಡ ಗ್ರಾಮದಲ್ಲಿ ಅಪೊಲೊ ಸಂಸ್ಥೆಯ ಕೇಂದ್ರ ತೆರೆಯಿತು. 2001ರಲ್ಲಿ ಇಸ್ರೊ ಉಪಗ್ರಹದ ಮೂಲಕ ಆಸ್ಪತ್ರೆಗಳನ್ನು ಬೆಸೆಯಲು ಮುಂದಾಯಿತು. 2002ರಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳಿಗೆ ಬೆಂಗಳೂರಿನ ನಾರಾಯಣ ಹೃದಯಾಲಯದ ಸಂಪರ್ಕ ದೊರೆಯಿತು. ಎದೆನೋವೆಂದು ಬಂದವರ ಇಸಿಜಿಯನ್ನು ಬೆಂಗಳೂರಿನ ತಜ್ಞರು ಅಲ್ಲಿಂದಲೇ ನೋಡುವಂತಾಯಿತು.

ಆ ವ್ಯವಸ್ಥೆಯಲ್ಲಿ ಹೊಣೆಯ ಲೆಕ್ಕ ಸರಳವಾಗಿತ್ತು. ರೋಗಿಯ ಪಕ್ಕದಲ್ಲಿ ಒಬ್ಬ ವೈದ್ಯ ಇರುತ್ತಿದ್ದರು. ಅವರು ಮುಟ್ಟಿ ನೋಡುತ್ತಿದ್ದರು, ದೂರದ ತಜ್ಞರು ಅವರಿಗೆ ಸಲಹೆ ಕೊಡುತ್ತಿದ್ದರು. ಮೊಬೈಲ್ ಫೋನು ಬಂದ ಮೇಲೆ ನಡುವಿನ ಆ ವೈದ್ಯರು ಮಾಯವಾದರು. ರೋಗಿಯ ಪಕ್ಕದಲ್ಲಿ ಈಗ ಇರುವುದು ಗಾಬರಿಗೊಂಡ ಮನೆಯವರು ಮಾತ್ರ.

ಈ ಅಪಾಯವನ್ನು ಸುಪ್ರೀಂ ಕೋರ್ಟ್ 2009ರಲ್ಲೇ ಮನಗಂಡಿತ್ತು. ಮಾರ್ಟಿನ್ ಡಿಸೋಜ ಪ್ರಕರಣದಲ್ಲಿ ವೈದ್ಯರು ತಪ್ಪಿತಸ್ಥರಲ್ಲವೆಂದು ತೀರ್ಪಿತ್ತರೂ, ವೈದ್ಯರು ವಹಿಸಬೇಕಾದ ಎಚ್ಚರಗಳನ್ನು ನ್ಯಾಯಾಲಯ ಪಟ್ಟಿ ಮಾಡಿತು. ಸಾಮಾನ್ಯವಾಗಿ ರೋಗಿಯನ್ನು ಪರೀಕ್ಷಿಸದೆ ಔಷಧ ಬರೆಯಬಾರದು, ತೀವ್ರ ತುರ್ತಿನ ಹೊರತು ದೂರವಾಣಿಯಲ್ಲಿ ಔಷಧ ಹೇಳುವ ರೂಢಿಯನ್ನು ಬಿಡಬೇಕು ಎಂಬುದು ಅದರಲ್ಲಿತ್ತು. ಬಾಂಬೆ ಹೈಕೋರ್ಟಿನ 2018ರ ಕಟು ಮಾತು ಆಕಾಶದಿಂದ ಉದುರಿದ್ದಲ್ಲ.

ಮಾರ್ಗಸೂಚಿ ಹೇಳುವುದೇನು?

2020ರ ಮಾರ್ಗಸೂಚಿಯನ್ನು ಅದೇ ವರ್ಷ ಮೇ 12ರಂದು ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಗೆ ಸೇರಿಸಲಾಯಿತು. ಅಂದರೆ ಅದು ಬರಿಯ ಉಪದೇಶವಾಗಿ ಉಳಿಯಲಿಲ್ಲ, ಮೀರಿದರೆ ವೈದ್ಯಕೀಯ ಪರಿಷತ್ತು ಕ್ರಮ ಕೈಗೊಳ್ಳಬಹುದು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ಪ್ರಕಟಿಸಿ ಅದೇ ತಿಂಗಳು ಅಮಾನತಿನಲ್ಲಿಟ್ಟದ್ದರಿಂದ ಹಳೆಯ ನಿಯಮಾವಳಿಯೇ ಮತ್ತೆ ಜಾರಿಗೆ ಬಂತು.

ಮಾರ್ಗಸೂಚಿಯ ತಿರುಳು ಇಷ್ಟು. ವೈದ್ಯರೂ ರೋಗಿಯೂ ಪರಸ್ಪರ ಗುರುತು ತಿಳಿದಿರಬೇಕು. ರೋಗಿಯೇ ಕರೆ ಮಾಡಿದರೆ ಸಮ್ಮತಿ ಇದೆಯೆಂದೇ ಅರ್ಥ. ವೈದ್ಯರೋ ಆರೋಗ್ಯ ಕಾರ್ಯಕರ್ತರೋ ರೋಗಿಯನ್ನು ನೋಡಿಕೊಳ್ಳುವವರೋ ಕರೆ ಮಾಡಿದರೆ ಸಮ್ಮತಿಯನ್ನು ಸ್ಪಷ್ಟವಾಗಿ ಪಡೆದು ದಾಖಲಿಸಬೇಕು. ಔಷಧಗಳನ್ನು ಅಪಾಯಕ್ಕೆ ತಕ್ಕಂತೆ ವಿಂಗಡಿಸಲಾಗಿದೆ. ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವನ್ನು ಯಾವ ಮಾಧ್ಯಮದಲ್ಲಾದರೂ ಹೇಳಬಹುದು. ಕೆಲವನ್ನು ಮೊದಲ ಭೇಟಿಯಲ್ಲೇ ಬರೆಯಬಹುದು, ಆದರೆ ಅದು ವಿಡಿಯೊ ಭೇಟಿಯಾಗಿರಬೇಕು. ಮತ್ತೆ ಕೆಲವನ್ನು ಮೊದಲೊಮ್ಮೆ ಎದುರಿಗೇ ನೋಡಿದ ರೋಗಿಗೆ ಮಾತ್ರ, ಅದೇ ಕಾಯಿಲೆಗೆ ಬರೆಯಬಹುದು. ಮಾದಕವಸ್ತು ಕಾಯ್ದೆಯ ವ್ಯಾಪ್ತಿಯ ಔಷಧಗಳನ್ನೂ ಅನುಸೂಚಿ ಎಕ್ಸ್‌ನಲ್ಲಿರುವವನ್ನೂ ದೂರದಿಂದ ಬರೆಯುವಂತಿಲ್ಲ.

ನೀತಿಯ ದೃಷ್ಟಿಯಿಂದ ಇನ್ನೂ ಮುಖ್ಯವಾದವು ಮೂರು. ಒಂದು, ದೂರದಿಂದ ನೋಡಿದರೆ ಸಾಕೇ ಬೇಡವೇ ಎಂದು ತೀರ್ಮಾನಿಸುವ ಹೊಣೆ ವೈದ್ಯರದೇ. ಎರಡು, ರೋಗಿ ಆಸ್ಪತ್ರೆಗೆ ಬರಲು ಸಿದ್ಧನಿದ್ದರೆ ‘ಬೇಡ, ಫೋನಿನಲ್ಲೇ ನೋಡುತ್ತೇನೆ’ ಎಂದು ವೈದ್ಯರು ಹಟ ಹಿಡಿಯುವಂತಿಲ್ಲ. ಮೂರು, ತಾತ್ಕಾಲಿಕವಾಗಿಯಾದರೂ ರೋಗ ಇಂಥದ್ದೆಂದು ನಿರ್ಧರಿಸದೆ ಔಷಧ ಬರೆದರೆ ಅದು ವೃತ್ತಿಯಲ್ಲಿ ದುರ್ನಡತೆ. ಈ ಮೂರನೆಯದನ್ನು ಬಾಂಬೆ ಹೈಕೋರ್ಟಿನ ಮಾತಿನ ಪಕ್ಕದಲ್ಲಿಟ್ಟು ನೋಡಬೇಕು. ದೂರವಾಣಿಯನ್ನು ಬಳಸಿದ್ದಕ್ಕೆ ಇಬ್ಬರದೂ ಆಕ್ಷೇಪವಿಲ್ಲ. ರೋಗ ತಿಳಿಯುವ ಮುಂಚೆ ಔಷಧ ಹೇಳಿದ್ದಕ್ಕೆ ಇಬ್ಬರದೂ ಆಕ್ಷೇಪವಿದೆ.

ತಪ್ಪಾದರೆ ಎಲ್ಲಿಗೆ ಹೋಗಬೇಕು?

ದೂರಚಿಕಿತ್ಸೆಗೆಂದು ಬೇರೆ ನ್ಯಾಯಾಲಯವಿಲ್ಲ. ಇರುವ ದಾರಿಗಳೇ ಇದಕ್ಕೂ ಅನ್ವಯಿಸುತ್ತವೆ. ವೃತ್ತಿ ದುರ್ನಡತೆಯ ದೂರನ್ನು ರಾಜ್ಯ ವೈದ್ಯಕೀಯ ಪರಿಷತ್ತಿಗೆ ಕೊಡಬಹುದು. ಶುಲ್ಕ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸಿಸುವ ಕಡೆಯೇ ಮೊಕದ್ದಮೆ ಹೂಡಬಹುದು. ಬೆಂಗಳೂರಿನ ವೈದ್ಯರಿಂದ ವಿಡಿಯೊದಲ್ಲಿ ಸಲಹೆ ಪಡೆದ ಬೀದರಿನ ರೋಗಿ ಬೀದರಿನಲ್ಲೇ ದೂರು ಕೊಡಬಹುದೆಂಬುದು ಸಣ್ಣ ಮಾತಲ್ಲ.

ಆದರೆ ಯಾರಿಂದಲೂ ಶುಲ್ಕ ಪಡೆಯದೆ ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆ 1995ರ ಆ ತೀರ್ಪಿನಂತೆ ಗ್ರಾಹಕ ಕಾಯ್ದೆಯ ಹೊರಗಿದೆ. ಸರ್ಕಾರದ ಉಚಿತ ದೂರಚಿಕಿತ್ಸೆಯನ್ನು ನೆಚ್ಚಿಕೊಂಡ ಬಡರೋಗಿಗೆ ಉಳಿಯುವುದು ವೈದ್ಯಕೀಯ ಪರಿಷತ್ತು ಮತ್ತು ಸಿವಿಲ್ ನ್ಯಾಯಾಲಯದ ನಿಧಾನದ ದಾರಿ. ಹೆಚ್ಚು ರಕ್ಷಣೆ ಬೇಕಾದವರಿಗೇ ಸುಲಭದ ಬಾಗಿಲು ಮುಚ್ಚಿದೆ.

ಕ್ರಿಮಿನಲ್ ಹೊಣೆಯ ಬಾಗಿಲು ಇನ್ನೂ ಕಿರಿದು. ಸಾಮಾನ್ಯ ತಪ್ಪಿಗೆ ವೈದ್ಯರನ್ನು ಜೈಲಿಗೆ ಕಳಿಸಲಾಗದು, ನಿರ್ಲಕ್ಷ್ಯ ಅತಿ ಘೋರವಾಗಿರಬೇಕು ಎಂದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊಕದ್ದಮೆಗೆ ಮುಂಚೆ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕೆಂದೂ ಸೂಚಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದ ಸಾವಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಚಿಕಿತ್ಸಾ ಕಾರ್ಯ ನಡೆಸುವಾಗ ಸಾವು ಸಂಭವಿಸಿದ್ದರೆ ನೋಂದಾಯಿತ ವೈದ್ಯರಿಗೆ ಈ ಮಿತಿ ಎರಡು ವರ್ಷ.

ಯಾವ ದಾರಿ ಹಿಡಿದರೂ ಕೊನೆಗೆ ಮಾತಾಡುವುದು ದಾಖಲೆ. ಕರೆಯ ವಿವರ, ರೋಗಿ ಹೇಳಿದ್ದೇನು, ವೈದ್ಯರು ಕೇಳಿದ್ದೇನು, ಬರೆದ ಔಷಧ ಯಾವುದು ಎಂಬುದನ್ನೆಲ್ಲ ವೈದ್ಯರು ಕಾಪಿಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಇದು ರೋಗಿಗೂ ಆಸರೆ, ಪ್ರಾಮಾಣಿಕ ವೈದ್ಯರಿಗೂ ಆಸರೆ.

ಗೋಡೆಗೂ ಕಿವಿ

ಬಿಡಿಸದ ಗಂಟುಗಳು ಇನ್ನೂ ಇವೆ. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಮಾನಸಿಕ ಆರೋಗ್ಯ ಸಹಾಯವಾಣಿ ಆರಂಭವಾಯಿತು, ಅದರ ಕೇಂದ್ರಬಿಂದು ಬೆಂಗಳೂರಿನ ನಿಮ್ಹಾನ್ಸ್. ಮನಸ್ಸಿನ ನೋವನ್ನು ಹೇಳಿಕೊಳ್ಳಲು ಏಕಾಂತ ಬೇಕು. ಎರಡೇ ಕೋಣೆಯ ಮನೆಯಲ್ಲಿ, ಅತ್ತೆಯೂ ಗಂಡನೂ ಕೇಳಿಸಿಕೊಳ್ಳುವ ದೂರದಲ್ಲಿರುವಾಗ, ಸೊಸೆ ಯಾವ ಗುಟ್ಟನ್ನು ಬಿಚ್ಚಿಯಾಳು? ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು ವೈದ್ಯರಿಗೆ ನಿಯಮವಿದೆ. ಆದರೆ ‘ಈಗ ನೀವು ಬಿಡುವಾಗಿ ಮಾತಾಡಬಹುದೇ?’ ಎಂದು ಮೊದಲು ಕೇಳುವ ಸೂಕ್ಷ್ಮವನ್ನು ಕಾಯ್ದೆ ಕಲಿಸಲಾರದು.

ಗಡಿಯ ತೊಡಕೂ ಹಾಗೆಯೇ ಇದೆ. ವಿದೇಶದಲ್ಲಿರುವ ಕನ್ನಡಿಗರು ಊರಿನ ಪರಿಚಿತ ವೈದ್ಯರನ್ನು ಫೋನಿನಲ್ಲಿ ಕೇಳುವುದುಂಟು. ಆದರೆ ಭಾರತದ ವ್ಯಾಪ್ತಿಯ ಹೊರಗಿನ ಸಮಾಲೋಚನೆಗೆ 2020ರ ಮಾರ್ಗಸೂಚಿ ಅನ್ವಯಿಸುವುದಿಲ್ಲ. ಕೊಲೊರಾಡೊ ವೈದ್ಯರ ಪ್ರಕರಣ ಇಲ್ಲಿ ನೆನಪಾಗಬೇಕು. ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಮಾರ್ಗಸೂಚಿಯ ನಿಲುವು ಸ್ಪಷ್ಟ. ಯಂತ್ರ ವೈದ್ಯರಿಗೆ ನೆರವಾಗಬಹುದು, ಆದರೆ ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ಚೀಟಿಯ ಕೆಳಗೆ ಹೊಣೆ ಹೊರುವ ಮನುಷ್ಯನ ಹೆಸರಿರಬೇಕು.

ರತ್ನಾಗಿರಿಯ ಘಟನೆಯ ಮುಂದೆ 1879ರ ಆ ಕೆಮ್ಮಿನ ಪ್ರಸಂಗವನ್ನಿಟ್ಟರೆ ಎರಡರಲ್ಲೂ ಇರುವುದು ಒಂದೇ ದೃಶ್ಯ. ಒಂದು ತುದಿಯಲ್ಲಿ ಭಯಗೊಂಡವರು, ಇನ್ನೊಂದು ತುದಿಯಲ್ಲಿ ತಿಳಿದವರು. ಫೋನು ಅನೇಕರ ಜೀವ ಉಳಿಸಿದೆ, ಬಸ್ಸಿನ ಖರ್ಚನ್ನೂ ಕೂಲಿಯ ದಿನವನ್ನೂ ಉಳಿಸಿದೆ. ಅದನ್ನು ಬೇಡವೆನ್ನುವ ಕಾಲ ಮುಗಿದಿದೆ. ಮಾತಿನಲ್ಲಿ ತಿಳಿಯುವ ರೋಗ ಯಾವುದು, ಮುಟ್ಟಿ ನೋಡಿಯೇ ತಿಳಿಯಬೇಕಾದದ್ದು ಯಾವುದು ಎಂಬ ವಿವೇಕವೇ ದೂರಚಿಕಿತ್ಸೆಯ ಕಾನೂನಿಗೂ ನೀತಿಗೂ ತಳಹದಿ. ಎಷ್ಟೋ ಸಲ ವೈದ್ಯರು ಫೋನಿನಲ್ಲಿ ಕೊಡಬಹುದಾದ ಅತ್ಯುತ್ತಮ ಸಲಹೆ ಒಂದೇ ಆಗಿರುತ್ತದೆ: ‘ತಡಮಾಡಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ.’